ಪೋಕರ್ ಆಟದಲ್ಲಿ ಗಣನೆ ಮತ್ತು ವಿವೇಕ

ಪಣವೊಡ್ಡಿ ಆಡುವ ಆಟಗಳು ನಮ್ಮ ನಾಡಿಗೆ ಹೊಸವಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಒಳಗೊಂಡ ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿ ಬಂದಿತೆಂದರೆ ನಿಂಬೆಯ ಹಣ್ಣನ್ನು ಇಷ್ಟು ಎಸೆತಗಳಲ್ಲಿ ಇಂಥ ಗಡಿಗೆ ಮುಟ್ಟಿಸುವೆನೆಂದು ಪಂಥ ಕಟ್ಟುವ ರೂಢಿಯುಂಟು. ಪಂಥ ಕಟ್ಟುವವನು ತನ್ನ ತೋಳಿನ ಬಲವನ್ನೂ ದಾರಿಯ ದೂರವನ್ನೂ ಅಳೆದೇ ಮಾತು ಕೊಡುತ್ತಾನೆ. ಇಸ್ಪೀಟಿನಲ್ಲಾದರೋ ಎಲೆಗಳು ಮುಚ್ಚಿರುತ್ತವೆ. ಆದರೆ ಕಣ್ಣಿಗೆ ಕಾಣದುದೆಲ್ಲವೂ ಅಳತೆಗೆ ಮೀರಿದುದಲ್ಲ. ಪೋಕರ್ ಆಟವನ್ನು ಚೆನ್ನಾಗಿ ಆಡುವುದೆಂದರೇನು, ಅದಕ್ಕೆ ಬೇಕಾದ ಗಣನೆ ಯಾವುದು, ಆ ಗಣನೆಯ ಎಲ್ಲೆ ಎಲ್ಲಿ ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಎಣಿಕೆಯ ಸೂತ್ರ

ಐವತ್ತೆರಡು ಎಲೆಗಳಿಂದ ಮೂರನ್ನಾಗಲಿ ಐದನ್ನಾಗಲಿ ಎಷ್ಟು ವಿಧವಾಗಿ ಆರಿಸಬಹುದು? ಇದನ್ನು ತಿಳಿಸುವ ಸಾಮಾನ್ಯ ಸೂತ್ರವು ಕ್ರಿ.ಶ. 850ರ ಸುಮಾರಿನ 'ಗಣಿತಸಾರಸಂಗ್ರಹ'ದಲ್ಲಿಯೇ ದೊರೆಯುತ್ತದೆ. ಅದರ ಕರ್ತೃವಾದ ಮಹಾವೀರಾಚಾರ್ಯನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿ ಸ್ತುತಿಸಿದ್ದಾನೆ. ಆ ಅರಸನ ರಾಜಧಾನಿಯಾದ ಮಾನ್ಯಖೇಟವು ಇದೇ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಒಂದರಿಂದ ಏರುವ ಅಂಕಗಳನ್ನು ಕ್ರಮವಾಗಿ ಒಂದು ಸಾಲಿನಲ್ಲಿಯೂ ವಿಲೋಮವಾಗಿ ಇನ್ನೊಂದರಲ್ಲಿಯೂ ಬರೆದು, ವಿಲೋಮದ ಗುಣಲಬ್ಧವನ್ನು ಕ್ರಮದ ಗುಣಲಬ್ಧದಿಂದ ಭಾಗಿಸಬೇಕೆಂಬುದು ಸೂತ್ರದ ತಾತ್ಪರ್ಯ. ಮೂರೆಲೆಗೆ 52, 51, 50ರ ಗುಣಲಬ್ಧವನ್ನು 6ರಿಂದ ಭಾಗಿಸಿದರೆ 22,100 ಬರುತ್ತದೆ. ಐದೆಲೆಗೆ ಹೀಗೆಯೇ 25,98,960 ವಿಧಗಳಾಗುತ್ತವೆ.

ನಮ್ಮಲ್ಲಿ ಬಳಕೆಯಲ್ಲಿರುವ ಮೂರೆಲೆಯಾಟವನ್ನು ಮೊದಲು ನೋಡೋಣ. 22,100 ಕೈಗಳಲ್ಲಿ ಮೂರೂ ಸಮಾನವಾದವು 52, ಒಂದೇ ಜಾತಿಯ ಸರಣಿ 48, ಬರಿಯ ಸರಣಿ 720, ಬರಿಯ ಒಂದೇ ಜಾತಿ 1,096, ಜೋಡಿ 3,744. ಉಳಿದ 16,440 ಕೈಗಳಲ್ಲಿ ಏನೂ ಕೂಡಿಬಂದಿರುವುದಿಲ್ಲ. ಎಂದರೆ ನಾಲ್ಕು ಸಲಕ್ಕೆ ಸುಮಾರು ಮೂರು ಸಲ ಕೈ ಬರಿದು.

ಇಲ್ಲಿ ಒಂದು ಸ್ವಾರಸ್ಯವುಂಟು. ಮೂರೆಲೆಯಲ್ಲಿ ಸರಣಿಯು ಒಂದೇ ಜಾತಿಯನ್ನು ಗೆಲ್ಲುತ್ತದೆ. ಐದೆಲೆಯ ಪೋಕರಿನಲ್ಲಿ ಒಂದೇ ಜಾತಿಯೇ ಸರಣಿಯನ್ನು ಗೆಲ್ಲುತ್ತದೆ. ಇದು ಮನಬಂದಂತೆ ಮಾಡಿದ ನಿಯಮವಲ್ಲ. ಐದೆಲೆಯಲ್ಲಿ ಒಂದೇ ಜಾತಿಯ ಕೈಗಳು 5,108, ಸರಣಿಗಳು 10,200. ವಿರಳವಾದುದಕ್ಕೆ ಹೆಚ್ಚಿನ ಬೆಲೆ ಎಂಬ ಒಂದೇ ತತ್ತ್ವವು ಎರಡು ಆಟಗಳಲ್ಲಿ ಎರಡು ಕ್ರಮಗಳನ್ನು ಹುಟ್ಟಿಸಿದೆ.

2. ಚೆನ್ನಾಗಿ ಆಡುವ ಬಗೆ

ಇಂದು ಹೆಚ್ಚು ಪ್ರಚಾರದಲ್ಲಿರುವ ಪೋಕರಿನ ರೂಪದಲ್ಲಿ ಪ್ರತಿಯೊಬ್ಬನಿಗೂ ಎರಡು ಗುಪ್ತ ಎಲೆಗಳು. ನಡುವೆ ಮೊದಲು ಮೂರು, ಅನಂತರ ಒಂದು, ಕೊನೆಗೆ ಒಂದು, ಹೀಗೆ ಐದು ಎಲೆಗಳು ಎಲ್ಲರಿಗೂ ಸಾಮಾನ್ಯವಾಗಿ ತೆರೆಯುತ್ತವೆ. ನಾಲ್ಕು ಸುತ್ತು ಪಣ ನಡೆಯುತ್ತದೆ. ಏಳರಲ್ಲಿ ಶ್ರೇಷ್ಠವಾದ ಐದು ಎಲೆಗಳೇ ಕೈ.

(ಅ) ಬಿಡುವುದನ್ನು ಕಲಿಯಬೇಕು. ಎರಡು ಎಲೆಗಳ ಕೂಟಗಳು 1,326. ಅವುಗಳಲ್ಲಿ ಜೋಡಿಗಳು 78, ಎಂದರೆ ಹದಿನೇಳಕ್ಕೆ ಒಂದು. ಒಳ್ಳೆಯ ಆರಂಭ ಅಪರೂಪವಾದುದರಿಂದ ಬಹುಪಾಲು ಕೈಗಳನ್ನು ಮೊದಲ ಸುತ್ತಿನಲ್ಲಿಯೇ ಕೆಳಗಿಡುವವನು ಉಳಿಯುತ್ತಾನೆ. ಹೊಸಬನ ನಷ್ಟವು ಹೆಚ್ಚಾಗಿ ಬರುವುದು ಕುತೂಹಲಕ್ಕೆ ತೆತ್ತ ಸಣ್ಣ ಪಣಗಳಿಂದಲೇ.

(ಆ) ಸ್ಥಾನವನ್ನು ಗಮನಿಸಬೇಕು. ಕೊನೆಯಲ್ಲಿ ನಿರ್ಧಾರ ಹೇಳುವವನಿಗೆ ಉಳಿದವರ ನಿರ್ಧಾರಗಳು ತಿಳಿದಿರುತ್ತವೆ. ಆದುದರಿಂದ ಮೊದಲು ಹೇಳಬೇಕಾದಾಗ ಬಲವಾದ ಕೈಗಳನ್ನು ಮಾತ್ರ, ಕೊನೆಯಲ್ಲಿದ್ದಾಗ ಸ್ವಲ್ಪ ಸಾಧಾರಣವಾದುವನ್ನೂ ಆಡಬಹುದು.

(ಇ) ಬೆಲೆಯನ್ನೂ ಸಂಭವವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ನಾಲ್ಕು ಎಲೆಗಳು ತೆರೆದ ಮೇಲೆ ನಮಗೆ ಕಾಣದವು 46. ಮೂರೇ ತೆರೆದಿರುವಾಗ 47. ಮೂರು ತೆರೆದ ಹಂತದಲ್ಲಿ ನಮ್ಮಲ್ಲಿ ಒಂದೇ ಜಾತಿಯ ನಾಲ್ಕು ಎಲೆಗಳು ಕೂಡಿವೆ ಎನ್ನೋಣ. ಐದನೆಯದನ್ನು ಒದಗಿಸಬಲ್ಲವು ಒಂಬತ್ತು. ಮುಂದಿನ ಎಲೆಯೇ ಅದಾಗುವ ಸಂಭವ 47ಕ್ಕೆ 9, ಎಂದರೆ ನೂರಕ್ಕೆ ಸುಮಾರು 19. ನಡುವಿನ ರಾಶಿಯಲ್ಲಿ 80 ಹುಣಸೆಯ ಬೀಜಗಳಿದ್ದು ಎದುರಾಳಿ 20 ಸೇರಿಸಿದರೆ, ನಾವು 20 ಕೊಟ್ಟು 120ರ ರಾಶಿಗೆ ಸ್ಪರ್ಧಿಸುತ್ತೇವೆ. ಇದಕ್ಕೆ ಬೇಕಾದ ಸಂಭವ ಆರಕ್ಕೆ ಒಂದು, ಎಂದರೆ ನೂರಕ್ಕೆ ಸುಮಾರು 17. ಬೆಲೆ ಯೋಗ್ಯ, ಮುಂದುವರಿಯಬಹುದು. ಅವನು 60 ಸೇರಿಸಿದರೆ 200ರ ರಾಶಿಗೆ ನಾವು 60 ಕೊಡಬೇಕು. ನೂರಕ್ಕೆ 30ರ ಸಂಭವ ಬೇಕು. ಮುಂದಿನ ಒಂದು ಎಲೆಯನ್ನೇ ಲೆಕ್ಕಕ್ಕೆ ಹಿಡಿದರೆ ಬಿಡುವುದೇ ಸರಿ. ಎಲೆಗಳು ಅವೇ, ಬೆಲೆ ಬದಲಾದುದರಿಂದ ನಿರ್ಧಾರ ಬದಲಾಯಿತು.

(ಈ) ಹುಸಿಪಣಕ್ಕೂ ಲೆಕ್ಕವುಂಟು. ಬರಿಗೈಯಲ್ಲಿದ್ದು ಬಲವಿದ್ದಂತೆ ಪಣವೇರಿಸುವುದನ್ನು ಬರಿಯ ಧಾರ್ಷ್ಟ್ಯವೆಂದು ತಿಳಿಯುವುದುಂಟು. ಜಾನ್ ಫಾನ್ ನಾಯ್ಮನ್ 1928ರಲ್ಲಿ ಆಟಗಳ ಸಿದ್ಧಾಂತದ ಮೂಲಪ್ರಬಂಧವನ್ನು ಪ್ರಕಟಿಸಿದನು. 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನನೊಡನೆ ಹೊರತಂದ ಗ್ರಂಥದಲ್ಲಿ ಪೋಕರಿನ ಒಂದು ಸರಳ ರೂಪವನ್ನು ವಿಶ್ಲೇಷಿಸಿ, ಹುಸಿಪಣವು ಯುಕ್ತವಾದ ಆಟದ ಅಂಗವೇ ಎಂದು ತೋರಿಸಿದನು. ಬಲವಾದ ಕೈಗೆ ಮಾತ್ರ ಪಣವೇರಿಸುವವನ ಮನಸ್ಸನ್ನು ಎದುರಾಳಿ ಬೇಗ ಓದಿಬಿಡುತ್ತಾನೆ. 100 ಬೀಜಗಳ ರಾಶಿಗೆ 50ರ ಹುಸಿಪಣ ಒಡ್ಡಿದಾಗ, ಎದುರಾಳಿ ಮೂರು ಸಲಕ್ಕೆ ಒಂದು ಸಲ ಹಿಂಜರಿದರೆ ನಷ್ಟವಿಲ್ಲ. ಅದಕ್ಕಿಂತ ಹೆಚ್ಚು ಹಿಂಜರಿದರೆ ಲಾಭ. ಎಂದಿಗೂ ಹಿಂಜರಿಯದವನ ಮುಂದೆ ಹುಸಿಪಣ ವ್ಯರ್ಥ.

(ಉ) ನಿರ್ಧಾರವನ್ನು ಫಲದಿಂದ ಅಳೆಯಬಾರದು. ಮೇಲಿನ ಉದಾಹರಣೆಯಲ್ಲಿ ಮುಂದುವರಿಯುವುದು ಸರಿಯಾದರೂ ಐದು ಸಲಕ್ಕೆ ಸುಮಾರು ನಾಲ್ಕು ಸಲ ಬೇಕಾದ ಎಲೆ ಬಾರದು. ಸೋತ ಕೂಡಲೆ ರೀತಿಯನ್ನು ಬದಲಿಸುವವನೂ, ಕಳೆದುದನ್ನು ಈಗಲೇ ಮರಳಿ ಪಡೆಯಲು ಪಣವನ್ನು ಇಮ್ಮಡಿಸುವವನೂ ಗಣನೆಯನ್ನು ಕೈಬಿಟ್ಟವರೇ. ಋತುಪರ್ಣನಿಂದ ಅಕ್ಷಹೃದಯವನ್ನು ಪಡೆದ ಮೇಲೆಯೇ ನಳನು ಮತ್ತೆ ಪಗಡೆಗೆ ಕುಳಿತನು. ಆ ಋತುಪರ್ಣನಾದರೋ ವಿಭೀತಕ ವೃಕ್ಷದ ಎಲೆಗಳನ್ನೂ ಕಾಯಿಗಳನ್ನೂ ಎಣಿಸಿ ಹೇಳಬಲ್ಲವನಾಗಿದ್ದನು. ದ್ಯೂತದ ರಹಸ್ಯವೂ ಎಣಿಕೆಯ ವಿದ್ಯೆಯೂ ಒಬ್ಬನಲ್ಲಿಯೇ ಇದ್ದುವೆಂದು ಮಹಾಭಾರತವು ಹೇಳುವುದು ಅರ್ಥಪೂರ್ಣವಾಗಿದೆ.

3. ಗಣನೆಯ ಎಲ್ಲೆ

ಈ ಜಾಣ್ಮೆಯಿಂದ ಧನಾರ್ಜನೆ ಸಾಧ್ಯವೇ ಎಂದು ವಿದ್ಯಾರ್ಥಿ ಕೇಳಬಹುದು. ಆರು ಮಂದಿ ಸಮಾನ ನಿಪುಣರು ತಲಾ 100 ಬೀಜಗಳೊಡನೆ ಕುಳಿತರೆನ್ನೋಣ. ಆಟ ನಡೆಸುವವನು ಪ್ರತಿ ರಾಶಿಯಿಂದ ಒಂದೇ ಬೀಜವನ್ನು ತನ್ನ ಪಾಲಾಗಿ ತೆಗೆದರೂ, 300 ರಾಶಿಗಳ ಅನಂತರ 600ರಲ್ಲಿ 300 ಮಾತ್ರ ಉಳಿಯುತ್ತವೆ. ಯಾರು ಗೆದ್ದರೆಂಬುದು ಬೇರೆ ಮಾತು. ಒಟ್ಟಿನಲ್ಲಿ ಆಟಗಾರರು ಸೋತರು. ಇತರರಿಗಿಂತ ತುಸು ಜಾಣನಾದರೆ ಸಾಲದು. ಆ ಪಾಲನ್ನೂ ಮೀರುವಷ್ಟು ಜಾಣನಾಗಬೇಕು.

ಕಾನೂನಿನ ವಿವೇಚನೆಯೂ ನೈಪುಣ್ಯ ಹಾಗೂ ಅದೃಷ್ಟಗಳ ಭೇದವನ್ನು ಹಿಡಿದೇ ನಡೆದಿದೆ. ಕಲಬುರಗಿ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಹೈದರಾಬಾದಿಗೆ ಸೇರಿತ್ತು. ಆ ಸಂಸ್ಥಾನದ ಫಸಲಿ 1305ರ ಜೂಜು ಕಾಯಿದೆಯಡಿಯ ಮೊಕದ್ದಮೆಯೊಂದರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ರಮ್ಮಿಯನ್ನು ಪ್ರಧಾನವಾಗಿ ನೈಪುಣ್ಯದ ಆಟವೆಂದೂ ಮೂರೆಲೆಯನ್ನು ಕೇವಲ ಅದೃಷ್ಟದ ಆಟವೆಂದೂ ಬೇರ್ಪಡಿಸಿತು. ಪೋಕರಿನ ವಿಷಯದಲ್ಲಿ ಒಮ್ಮತವಿರಲಿಲ್ಲ. ಅದನ್ನು ನೈಪುಣ್ಯದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಹೇಳಿತು. ಗುಜರಾತಿನ ಉಚ್ಚ ನ್ಯಾಯಾಲಯವು 2017ರಲ್ಲಿ ಅದನ್ನು ಅದೃಷ್ಟದ ಆಟವೆಂದು ಬಗೆಯಿತು. ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಕರ್ನಾಟಕದ 2021ರ ತಿದ್ದುಪಡಿಯ ಮುಖ್ಯ ಭಾಗಗಳು 2022ರ ಫೆಬ್ರವರಿಯಲ್ಲಿ ರದ್ದಾದುವು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ನೈಪುಣ್ಯವೋ ಅದೃಷ್ಟವೋ ಎಂಬ ಭೇದವನ್ನೆಣಿಸದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ.

ಕಾನೂನಿಗಿಂತ ಹತ್ತಿರದ ಕಾರಣವೂ ಒಂದುಂಟು. ಈ ಮೂರು ತಾಲ್ಲೂಕುಗಳ ಕರಿಮಣ್ಣಿನ ಹೊಲಗಳಲ್ಲಿ ಬಹುಪಾಲು ಒಕ್ಕಲುತನವು ಮಳೆಯನ್ನೇ ನಂಬಿದೆ. ತೊಗರಿ ಬಿತ್ತುವವನು ಮುಂದಿನ ಮಳೆಯನ್ನು ಕಾಣದೆಯೇ ಬೀಜ ಗೊಬ್ಬರಗಳ ಪಣವೊಡ್ಡುತ್ತಾನೆ. ತೊಗರಿಯ ಸಾಲುಗಳ ನಡುವೆ ಬೇಗ ಕೊಯ್ಲಿಗೆ ಬರುವ ಹೆಸರನ್ನೋ ಉದ್ದನ್ನೋ ಬಿತ್ತಿ ಅಪಾಯವನ್ನು ಹಂಚುತ್ತಾನೆ. ಗಣಿತದ ಪರಿಭಾಷೆಯಿಲ್ಲದಿದ್ದರೂ ಇದು ಸಂಭಾವ್ಯತೆಯ ವಿವೇಕವೇ. ಆದರೆ ಒಂದು ಭೇದವನ್ನು ಮರೆಯಲಾಗದು. ಒಕ್ಕಲಿಗನು ಮುಂಗಾರಿನ ಪಣದಿಂದ ಎದ್ದು ಹೋಗಲಾರನು. ಇಸ್ಪೀಟು ಆಡುವವನು ಎಂದಾದರೂ ಏಳಬಲ್ಲನು. ತಪ್ಪಿಸಲಾಗದ ಅಪಾಯದಿಂದ ಗಳಿಸಿದ ಹಣವನ್ನು, ಮಗನ ಶಿಕ್ಷಣಕ್ಕೆಂದು ಬಂದ ಹಣವನ್ನು, ತಪ್ಪಿಸಬಹುದಾದ ಅಪಾಯಕ್ಕೆ ಸುರಿಯುವುದು ಯಾವ ಲೆಕ್ಕಕ್ಕೂ ಸಲ್ಲದು.

ಆದುದರಿಂದ ಅಧ್ಯಾಪಕರು ಈ ಆಟವನ್ನು ಬೀಜಗಳಿಂದಲೇ ತರಗತಿಯಲ್ಲಿ ಪ್ರಯೋಗಿಸಬಹುದು. ವಿದ್ಯಾರ್ಥಿಗಳು ನೂರು ಕೈಗಳನ್ನು ಹಂಚಿ, ಪ್ರತಿ ನಿರ್ಧಾರದ ಬೆಲೆಯನ್ನೂ ಸಂಭವವನ್ನೂ ಫಲ ತಿಳಿಯುವ ಮೊದಲೇ ಬರೆದಿಡಲಿ. ಅನಂತರ ಸಿದ್ಧಾಂತದ ಸಂಖ್ಯೆಗಳೊಡನೆ ಹೋಲಿಸಲಿ. ಯಾವ ಕೈಯನ್ನು ಕೆಳಗಿಡಬೇಕೆಂಬುದು ಈ ಆಟದ ಮೊದಲನೆಯ ಪಾಠ. ಯಾವಾಗ ಆಟದಿಂದಲೇ ಏಳಬೇಕೆಂಬುದು ಕೊನೆಯದು. ಎರಡೂ ಒಂದೇ ವಿದ್ಯೆಯ ಭಾಗಗಳು.