ಗಾಳಿಯ ಜಮಾ-ಖರ್ಚು

ಸಂಕ್ರಾಂತಿಯ ಸಮಯದಲ್ಲಿ ಈ ಹೈದರಾಬಾದಿನ ಮಾಳಿಗೆಗಳ ಮೇಲೆ ನಿಂತು ಗಾಳಿಪಟ ಹಾರಿಸಿದವರಿಗೆ ದಾರ ಬೆರಳು ಕೊಯ್ದ ಅನುಭವ ಉಂಟು. ಪಟವೆಂದರೆ ಒಂದು ಹಾಳೆ ಕಾಗದ; ಜಗ್ಗುವುದು ಗಾಳಿ. ಅದು ಎಷ್ಟು ಜಗ್ಗುವುದೆಂದು ಹಾರಿಸುವ ಮೊದಲೇ ಹೇಳಲು ನಮ್ಮಿಂದಾಗದು. ಪಟ ಹರಿದರೆ ಇನ್ನೊಂದು ಕೊಂಡರಾಯಿತು. ವಿಮಾನದಲ್ಲಿ ಮನುಷ್ಯ ಕೂತಿರುತ್ತಾನೆ. ಅದು ಮೊದಲ ಸಲ ನೆಲ ಬಿಡುವ ಮುಂಚೆಯೇ ಗಾಳಿ ಅದನ್ನು ಎಷ್ಟು ಎತ್ತುತ್ತದೆ, ಎಷ್ಟು ಹಿಂದಕ್ಕೆಳೆಯುತ್ತದೆ, ಮೂತಿಯನ್ನು ಎತ್ತ ತಿರುಗಿಸುತ್ತದೆ ಎಂಬ ಲೆಕ್ಕ ಕೈಯಲ್ಲಿರಬೇಕು.

ಗಾಳಿ ಮಾಡುವುದು ಎರಡೇ: ವಿಮಾನದ ಮೈಯನ್ನು ಒತ್ತುತ್ತದೆ, ಉಜ್ಜುತ್ತದೆ. ರೆಕ್ಕೆಯ ಕೆಳಗಿನ ಒತ್ತಡ ಮೇಲಿನದಕ್ಕಿಂತ ಹೆಚ್ಚಾದರೆ ರೆಕ್ಕೆ ಮೇಲೇಳುತ್ತದೆ. ಮೈಯ ಅಂಗುಲ ಅಂಗುಲದ ಒತ್ತನ್ನೂ ಉಜ್ಜನ್ನೂ ಕೂಡಿಸಿದರೆ ಒಟ್ಟು ಬಲ ಸಿಕ್ಕಿತು. ಇದನ್ನು ಅಳೆಯುವ ಹಳೆಯ ಉಪಾಯ ವಾಯುಸುರಂಗ. ಚಿಕ್ಕ ಮಾದರಿಯೊಂದನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಗಾಳಿ ಹೊಡೆಸುವುದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1967ರಿಂದ ಇಂಥದೊಂದು ಸುರಂಗವಿದೆ. ಈಗ ತೇಜಸ್ ಎನ್ನುವ ಯುದ್ಧವಿಮಾನ 2001ರ ಜನವರಿ 4ರಂದು ಮೊದಲು ಹಾರುವುದಕ್ಕೆ ಎಷ್ಟೋ ಮುಂಚೆ ಅದರ ಮಾದರಿಗಳು ಅಲ್ಲಿ ಗಾಳಿ ತಿಂದಿದ್ದವು.

ಎರಡನೆಯ ಉಪಾಯ ಗಣಕಯಂತ್ರದ್ದು. ನಮ್ಮಂಥ ಗುಮಾಸ್ತರಿಗೆ ಇದು ಬೇಗ ತಿಳಿಯುತ್ತದೆ. ಏಕೆಂದರೆ ಇದು ಕೀರ್ದಿ ಬರೆಯುವ ಕೆಲಸವೇ. ವಿಮಾನದ ಸುತ್ತಲಿನ ಗಾಳಿಯನ್ನು ಮನಸ್ಸಿನಲ್ಲೇ ಸಣ್ಣ ಸಣ್ಣ ಪೆಟ್ಟಿಗೆಗಳಾಗಿ ಕತ್ತರಿಸುತ್ತಾರೆ. ಪ್ರತಿ ಪೆಟ್ಟಿಗೆಗೂ ಒಂದು ಖಾತೆ. ಎಷ್ಟು ಗಾಳಿ ಒಳಬಂತು, ಎಷ್ಟು ಹೊರಹೋಯಿತು, ಅದರೊಡನೆ ಎಷ್ಟು ರಭಸ, ಎಷ್ಟು ಶಾಖ, ಶಿಲ್ಕು ಎಷ್ಟು. ಒಂದು ಪೆಟ್ಟಿಗೆಯ ಖರ್ಚು ಪಕ್ಕದ ಪೆಟ್ಟಿಗೆಗೆ ಜಮಾ. ಮೊದಲು ಅಂದಾಜಿನ ಅಂಕೆ ಹಾಕುವುದು, ತಾಳೆಯಾಗದಿದ್ದರೆ ತಿದ್ದುವುದು, ಹೀಗೆ ಸಾವಿರಾರು ಸಲ. ಜಮಾ-ಖರ್ಚಿನ ನಿಯಮಗಳು ಹಳೆಯವೇ: ಫ್ರಾನ್ಸಿನ ನಾವಿಯೇ 1822ರಲ್ಲೂ ಕೇಂಬ್ರಿಜ್ಜಿನ ಸ್ಟೋಕ್ಸ್ 1845ರಲ್ಲೂ ಕೊಟ್ಟವು. ಇಲ್ಲದ್ದು ಲೆಕ್ಕ ಹಾಕುವ ಕೈಗಳು.

ಬ್ರಿಟನ್ನಿನ ರಿಚರ್ಡ್‌ಸನ್ ಎಂಬವರು ಹವಾಮಾನಕ್ಕಾಗಿ ಇಂಥ ಲೆಕ್ಕವನ್ನೇ ಕೈಯಲ್ಲಿ ಹಾಕಿ ನೋಡಿದರು. ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್ ಏರುವುದೆಂದು ಉತ್ತರ ಬಂತು; ನಿಜಕ್ಕೆ ಅದು ಅಲುಗಿದ್ದೇ ಅಪರೂಪ! ಆದರೂ ಅವರು ಎದೆಗುಂದದೆ 1922ರಲ್ಲಿ ಅದನ್ನು ಪುಸ್ತಕ ಮಾಡಿ, 64,000 ಜನ ಗುಮಾಸ್ತರು ಒಂದೇ ಭವನದಲ್ಲಿ ಕೂತು ಲೆಕ್ಕ ಹಾಕುವ ಕನಸನ್ನೂ ಬರೆದರು. ಸಂಬಳದ ವಿಚಾರ ಅವರು ಯೋಚಿಸಿದಂತಿಲ್ಲ. ಆ ಗುಮಾಸ್ತರ ಸ್ಥಾನಕ್ಕೆ ಬಂದದ್ದು ಯಂತ್ರ. ಬೆಂಗಳೂರಿನ ಅದೇ ಪ್ರಯೋಗಾಲಯ 1986ರಲ್ಲಿ ಕಟ್ಟಿದ ‘ಫ್ಲೋಸಾಲ್ವರ್’ ಒಂದೇ ಲೆಕ್ಕವನ್ನು ಹಲವು ಯಂತ್ರಭಾಗಗಳಿಗೆ ಹಂಚಿ ಒಟ್ಟಿಗೆ ಮಾಡಿಸುತ್ತಿತ್ತು.

ಹಾಗಾದರೆ ಸುರಂಗ ಇನ್ನೇಕೆ? ಮನೆಯಲ್ಲಿ ಊದುಬತ್ತಿ ಹಚ್ಚಿ ನೋಡಿ. ಹೊಗೆ ಗೇಣುದ್ದ ನೆಟ್ಟಗೆ ಏರಿ, ಆಮೇಲೆ ಸುರುಳಿ ಸುರುಳಿಯಾಗಿ ಚೆದುರುತ್ತದೆ. ರೆಕ್ಕೆಗೆ ಅಂಟಿ ಹರಿಯುವ ಗಾಳಿಯದೂ ಇದೇ ಕಥೆ. ಅತಿ ಸಣ್ಣ ಸುಳಿಯೂ ಖಾತೆಗೆ ಸೇರಬೇಕಾದರೆ ಪೆಟ್ಟಿಗೆ ಅದಕ್ಕಿಂತ ಸಣ್ಣದಿರಬೇಕು. ಒಂದು ಘನ ಮೀಟರ್ ಗಾಳಿಯನ್ನು ಸೆಂಟಿಮೀಟರ್ ಪೆಟ್ಟಿಗೆಗಳಾಗಿ ಕತ್ತರಿಸಿದರೆ 10 ಲಕ್ಷ ಖಾತೆ. ಮಿಲಿಮೀಟರ್ ಆದರೆ 100 ಕೋಟಿ. ಇಡೀ ವಿಮಾನಕ್ಕೆ ಇದು ಮುಗಿಯುವ ಮಾತಲ್ಲ. ಆದ್ದರಿಂದ ಸಣ್ಣ ಸುಳಿಗಳಿಗೆಲ್ಲ ಒಟ್ಟಾಗಿ ಒಂದು ಅಂದಾಜು ಸೂತ್ರ ಹಾಕುತ್ತಾರೆ. ನೇರ ಹಾರಾಟದಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಮೂತಿ ಬಹಳ ಎತ್ತಿ, ಗಾಳಿ ರೆಕ್ಕೆಯಿಂದ ಬಿಟ್ಟುಹೋದಾಗ ಕೈಕೊಡುತ್ತದೆ. ವಿಮಾನಚಾಲಕನ ಜೀವ ಹಗ್ಗದ ಮೇಲಿರುವುದೂ ಆ ಗಳಿಗೆಯಲ್ಲೇ. ಚೀಟಿಯಲ್ಲಿ ಅಂಕೆ ತಪ್ಪಿದ್ದರೂ ಕೀರ್ದಿ ಸೊಗಸಾಗಿ ತಾಳೆಯಾಗುವುದನ್ನು ನಾವು ಕಂಡಿಲ್ಲವೆ?

ಶಬ್ದದ ಐದು ಮಡಿ ಮೀರಿದ ವೇಗದಲ್ಲಿ ಗಾಳಿ ಕಾದು, ಸೂತ್ರಗಳ ನಂಬಿಕೆ ಇನ್ನೂ ಕುಗ್ಗುತ್ತದೆ. ನಮ್ಮ ಹೈದರಾಬಾದಿನ ಡಿ.ಆರ್.ಡಿ.ಎಲ್. ರೂಪಿಸಿದ ಆಳಿಲ್ಲದ ವಾಹನವೊಂದು 2020ರ ಸೆಪ್ಟೆಂಬರ್ 7ರಂದು ಒಡಿಶಾ ತೀರದಿಂದ ಏರಿ, ಸೆಕೆಂಡಿಗೆ ಸುಮಾರು 2 ಕಿಲೋಮೀಟರಿನಂತೆ 20 ಸೆಕೆಂಡಿಗೂ ಮಿಕ್ಕಿ ತನ್ನ ಎಂಜಿನ್ನಿನಿಂದ ಓಡಿತು. ಅದೇ ಡಿಸೆಂಬರ್ 19ರಂದು ಈ ಊರಿನಲ್ಲೇ, ಶಬ್ದದ 5ರಿಂದ 12 ಮಡಿ ವೇಗದ ಗಾಳಿ ಹೊಡೆಸುವ ಸುರಂಗದ ಉದ್ಘಾಟನೆಯಾಯಿತು. ಅದರ ಗಾಳಿ ಹೊರಡುವ ಬಾಯಿ 1 ಮೀಟರ್ ಅಗಲ. ಸುರಂಗದ ಮಾತೂ ವೇದವಾಕ್ಯವಲ್ಲ. ಮಾದರಿ ಚಿಕ್ಕದು, ಗಾಳಿ ಬೀಸುವ ಹೊತ್ತೂ ಕಡಿಮೆ. ಆದ್ದರಿಂದ ಎಂಜಿನಿಯರರು ಯಂತ್ರದ ಅಂಕೆಯನ್ನೂ ಸುರಂಗದ ಅಂಕೆಯನ್ನೂ ಪಕ್ಕಪಕ್ಕ ಇಟ್ಟು, ವ್ಯತ್ಯಾಸ ಬಂದಲ್ಲಿ ಎರಡನ್ನೂ ಮತ್ತೆ ತೆಗೆದು ನೋಡುತ್ತಾರೆ.