ಎತ್ತರದ ನೆಲದಲ್ಲಿ ದೀರ್ಘ ಓಟ: ಅರ್ಧಶಕ್ತಿಯ ನಿಯಮ

ಕಳೆದ ಕೆಲವು ವರ್ಷಗಳಿಂದ ನಮ್ಮ ಚಿಕಿತ್ಸಾಲಯದಲ್ಲಿ ಹೊಸ ಬಗೆಯ ಪ್ರಶ್ನೆಯೊಂದು ಕೇಳಿಬರುತ್ತಿದೆ. ಲಡಾಖಿನ ಓಟದ ಸ್ಪರ್ಧೆಗೆ ಹೆಸರು ನೋಂದಾಯಿಸಿದ ತರುಣರೂ ಕೇದಾರ ಯಾತ್ರೆಗೆ ಸಿದ್ಧರಾದ ಹಿರಿಯರೂ ಅದನ್ನು ಕೇಳುತ್ತಾರೆ. “ದಿನವೂ ಬೆಳಿಗ್ಗೆ ತಪ್ಪದೆ ಓಡುತ್ತೇವೆ, ನಡೆಯುತ್ತೇವೆ. ದೇಹ ಗಟ್ಟಿಯಾಗಿದೆ. ಎತ್ತರದ ಜಾಗದಲ್ಲಿ ನಮಗೇನೂ ಆಗಲಾರದಲ್ಲವೆ?” ಈ ಪ್ರಶ್ನೆಯೊಳಗೆ ಒಂದು ತಪ್ಪು ನಂಬಿಕೆ ಅಡಗಿದೆ. ಬಯಲುಸೀಮೆಯಲ್ಲಿ ಗಳಿಸಿದ ಕಸುವು ಬೆಟ್ಟದ ಮೇಲಿನ ತೆಳುಗಾಳಿಗೆ ಕವಚವಾಗುವುದಿಲ್ಲ. ಅಷ್ಟೇ ಅಲ್ಲ, ಗಟ್ಟಿಮುಟ್ಟಾದ ತರುಣನೇ ತನ್ನ ಬಲವನ್ನು ನಂಬಿ ಮೊದಲ ದಿನವೇ ಓಡಲು ಹೊರಟು ಅಪಾಯಕ್ಕೆ ಸಿಲುಕುವುದುಂಟು. ಆದ್ದರಿಂದ ಈ ಸಂಚಿಕೆಯಲ್ಲಿ ಎತ್ತರದ ಪ್ರದೇಶದ ದೀರ್ಘ ವ್ಯಾಯಾಮ ಹಾಗೂ ಅದರ ತರಬೇತಿಯ ಕ್ರಮವನ್ನು ವಿಚಾರಿಸೋಣ.

ತೆಳುಗಾಳಿಯ ಸ್ವರೂಪ

ಗಾಳಿಯಲ್ಲಿ ಆಮ್ಲಜನಕದ ಪಾಲು ಸಮುದ್ರ ತೀರದಲ್ಲಿಯೂ ಹಿಮಾಲಯದಲ್ಲಿಯೂ ಒಂದೇ, ಶೇಕಡಾ 21ರಷ್ಟು. ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರ ಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡವು ಸುಮಾರು 3,500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ಮೂರನೆಯ ಎರಡು ಭಾಗಕ್ಕೆ ಇಳಿಯುತ್ತದೆ. 5,500 ಮೀಟರ್ ಎತ್ತರದಲ್ಲಿ ಅರ್ಧವಾಗುತ್ತದೆ. ಒತ್ತಡ ಕುಗ್ಗಿದಷ್ಟೂ ಒಂದೊಂದು ಉಸಿರಿನಲ್ಲಿ ರಕ್ತಕ್ಕೆ ಸೇರುವ ಪ್ರಾಣವಾಯು ಕಡಿಮೆ.

ಈ ಕೊರತೆಯನ್ನು ದೇಹವು ಹಂತಹಂತವಾಗಿ ತುಂಬಿಕೊಳ್ಳುತ್ತದೆ. ಮೊದಲು ಉಸಿರಾಟವೂ ಹೃದಯದ ಬಡಿತವೂ ವೇಗಗೊಳ್ಳುತ್ತವೆ. ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡಗಳು ಎರಿತ್ರೊಪೊಯೆಟಿನ್ ಎಂಬ ಸ್ರಾವವನ್ನು ಹೆಚ್ಚಿಸುತ್ತವೆ. ಅದರ ಪ್ರೇರಣೆಯಿಂದ ಅಸ್ಥಿಮಜ್ಜೆಯು ಹೆಚ್ಚು ಕೆಂಪು ರಕ್ತಕಣಗಳನ್ನು ಉತ್ಪಾದಿಸತೊಡಗುತ್ತದೆ. ಜೀವಕೋಶಗಳು ಆಮ್ಲಜನಕದ ಕೊರತೆಯನ್ನು ಅರಿಯುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2019ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ರಕ್ತಕಣಗಳ ಈ ವೃದ್ಧಿಯು ಗಣನೀಯವಾಗಲು ಮೂರು ನಾಲ್ಕು ವಾರಗಳು ಬೇಕು. ಎರಡು ದಿನಗಳ ವಸತಿಯಿಂದ ಅದು ಆಗುವಂತಹದಲ್ಲ.

ಮೆಕ್ಸಿಕೋ ಕಲಿಸಿದ ಪಾಠ

ಜಗತ್ತಿನ ಕ್ರೀಡಾ ತರಬೇತುದಾರರು ಈ ಸತ್ಯವನ್ನು ಅರಿತದ್ದು 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ. ಆ ನಗರದ ಎತ್ತರ 2,240 ಮೀಟರ್. ನಮ್ಮವರಿಗೆ ಪರಿಚಿತವಾದ ಊಟಿಯಷ್ಟೇ. ಅಲ್ಲಿ ತೆಳುಗಾಳಿಯ ತಡೆ ಕಡಿಮೆಯಾದ ಕಾರಣ ಕ್ಷಣಾರ್ಧದ ಶಕ್ತಿಯ ಸ್ಪರ್ಧೆಗಳಿಗೆ ಅನುಕೂಲವಾಯಿತು. ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದದ್ದು ಅಲ್ಲಿಯೇ. ದೀರ್ಘ ಓಟಗಾರರ ಪಾಡು ಬೇರೆಯಾಯಿತು. 10,000 ಮೀಟರ್ ಓಟದಲ್ಲಿ ವಿಶ್ವದಾಖಲೆ ಹೊಂದಿದ್ದ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಆರನೆಯವರಾಗಿ ಗುರಿ ಮುಟ್ಟಿ ಪ್ರಜ್ಞೆ ತಪ್ಪಿ ಬಿದ್ದರು. ಎತ್ತರದ ನೆಲದಲ್ಲಿ ಹುಟ್ಟಿ ಬೆಳೆದ ಕೀನ್ಯಾದ ನಫ್ತಾಲಿ ತೆಮು ಗೆದ್ದರು. ಇಥಿಯೋಪಿಯಾದ ಮಾಮೊ ವೊಲ್ಡೆ ಎರಡನೆಯವರಾದರು. ಗೆದ್ದವರ ಕಾಲವೂ ಅಂದಿನ ವಿಶ್ವದಾಖಲೆಗಿಂತ ಒಂದೂಮುಕ್ಕಾಲು ನಿಮಿಷ ಹೆಚ್ಚಾಗಿತ್ತೆಂಬುದನ್ನು ಮರೆಯಬಾರದು. ಎತ್ತರಕ್ಕೆ ಒಗ್ಗಿದವರಿಗೂ ಎತ್ತರವು ರಿಯಾಯಿತಿ ಕೊಡುವುದಿಲ್ಲ.

ಅನಂತರ ತರಬೇತುದಾರರು ಎತ್ತರದ ಊರುಗಳನ್ನು ಅರಸಿ ಹೊರಟರು. ಕೀನ್ಯಾದಲ್ಲಿ ಸುಮಾರು 2,400 ಮೀಟರ್ ಎತ್ತರದಲ್ಲಿರುವ ಇಟೆನ್ ಎಂಬ ಸಣ್ಣ ಊರು ಇಂದು ಓಟಗಾರರ ಕ್ಷೇತ್ರವೇ ಆಗಿದೆ. 1976ರಲ್ಲಿ ಅಲ್ಲಿನ ಶಾಲೆಗೆ ಅಧ್ಯಾಪಕರಾಗಿ ಬಂದ ಐರ್ಲೆಂಡಿನ ಕೋಮ್ ಒ’ಕಾನೆಲ್ ಎಂಬ ಧರ್ಮಸಹೋದರರು ಅಲ್ಲಿಯೇ ನೆಲೆಸಿ, 800 ಮೀಟರ್ ಓಟದ ವಿಶ್ವದಾಖಲೆ ವೀರ ಡೇವಿಡ್ ರುಡಿಶಾ ಸೇರಿದಂತೆ ಅನೇಕರನ್ನು ರೂಪಿಸಿದರು.

ಆದರೂ ಒಂದು ತೊಡಕು ಉಳಿದಿತ್ತು. ಎತ್ತರದಲ್ಲಿ ರಕ್ತ ಪುಷ್ಟಿಗೊಳ್ಳುತ್ತದೆ, ನಿಜ. ಆದರೆ ಅಲ್ಲಿ ವೇಗವಾಗಿ ಓಡಲಾಗದ ಕಾರಣ ಸ್ನಾಯುಗಳ ಚುರುಕು ಕುಂದುತ್ತದೆ. ಇದಕ್ಕೆ ಪರಿಹಾರವಾಗಿ ಅಮೆರಿಕದ ಲೆವಿನ್ ಮತ್ತು ಸ್ಟ್ರೇ-ಗುಂಡರ್ಸನ್ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. 2,500 ಮೀಟರ್ ಎತ್ತರದಲ್ಲಿ ವಾಸಿಸುತ್ತ, 1,250 ಮೀಟರ್‌ಗೆ ಇಳಿದು ಅಭ್ಯಾಸ ಮಾಡಿದ ಓಟಗಾರರು ನಾಲ್ಕು ವಾರಗಳ ತರುವಾಯ 5,000 ಮೀಟರ್ ಓಟವನ್ನು ಸರಾಸರಿ 13 ಸೆಕೆಂಡುಗಳಷ್ಟು ಬೇಗ ಮುಗಿಸಿದರು. “ಎತ್ತರದಲ್ಲಿ ವಾಸ, ತಗ್ಗಿನಲ್ಲಿ ಅಭ್ಯಾಸ” ಎಂಬ ಪದ್ಧತಿ ನೆಲೆಗೊಂಡದ್ದು ಹೀಗೆ. ನಮ್ಮ ದೇಶದ ಓಟಗಾರರಿಗೂ ಊಟಿಯಲ್ಲಿ, ಹಿಮಾಚಲದ ಶಿಲಾರೂ ಕೇಂದ್ರದಲ್ಲಿ ಶಿಬಿರಗಳು ನಡೆದಿವೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್ ಇರುವುದರಿಂದ, ನಮ್ಮ ನಾಡಿನಲ್ಲಿ ಎಷ್ಟೇ ಬೆಟ್ಟ ಹತ್ತಿದರೂ ಕಾಲಿಗೆ ಬಲ ಬಂದೀತೇ ಹೊರತು ಹಿಮಾಲಯದ ಗಾಳಿಯ ಅಭ್ಯಾಸವಾಗದು.

ಆಯುರ್ವೇದದ ಅಳತೆಗೋಲು

ವ್ಯಾಯಾಮವನ್ನು ಅರ್ಧಶಕ್ತಿಯಷ್ಟು ಮಾತ್ರ ಮಾಡಬೇಕೆಂಬುದು ಆಯುರ್ವೇದದ ಆಚಾರ್ಯರ ನಿಯಮ. ಅರ್ಧಶಕ್ತಿಯನ್ನು ಅವರು ಹರದಾರಿಗಳಿಂದಾಗಲಿ, ಗಳಿಗೆಗಳಿಂದಾಗಲಿ ಅಳೆಯಲಿಲ್ಲ. ಉಸಿರು ಮೂಗನ್ನು ಬಿಟ್ಟು ಬಾಯಿಗೆ ಬರುವುದು, ಹಣೆ, ಮೂಗು, ಕಂಕುಳಗಳಲ್ಲಿ ಬೆವರು ಮೂಡುವುದು, ಇವೇ ಅದರ ಲಕ್ಷಣಗಳು. ಈ ಅಳತೆಯ ಹೆಚ್ಚುಗಾರಿಕೆಯನ್ನು ಗಮನಿಸಬೇಕು. ಬೆಂಗಳೂರಿನಲ್ಲಿ ಎಂಟು ಕಿಲೋಮೀಟರ್ ಓಡಿದ ಮೇಲೆ ಬಾಯಿಗೆ ಬರುವ ಉಸಿರು ಲೇಹ್‌ನಲ್ಲಿ ಎರಡು ಮಹಡಿ ಹತ್ತುವಷ್ಟರಲ್ಲಿಯೇ ಬಂದೀತು. ಗಡಿಯಾರವನ್ನು ನೋಡಿ ಓಡುವವನು ಇಲ್ಲಿ ಮೋಸಹೋಗುತ್ತಾನೆ. ಉಸಿರನ್ನು ನೋಡಿ ಓಡುವವನಿಗೆ ಆ ಭಯವಿಲ್ಲ. ಶೀತದಲ್ಲಿ ಬೆವರು ಕಾಣದಿರಬಹುದಾದ ಕಾರಣ ಉಸಿರನ್ನೇ ಮುಖ್ಯ ಸಾಕ್ಷಿಯಾಗಿ ತೆಗೆದುಕೊಳ್ಳತಕ್ಕದ್ದು. ಅತಿ ವ್ಯಾಯಾಮದಿಂದ ಬಾಯಾರಿಕೆ, ಕೆಮ್ಮು, ಉಬ್ಬಸ, ಜ್ವರ, ವಾಂತಿಗಳು ತಲೆದೋರುವವೆಂದು ಚರಕಸಂಹಿತೆ ಎಚ್ಚರಿಸುತ್ತದೆ.

ವ್ಯಾಯಾಮದ ಮಾತು ಬರುವ ಅದೇ ಅಧ್ಯಾಯದಲ್ಲಿ ಚರಕರು ಪಾದಾಂಶಿಕ ಕ್ರಮವನ್ನೂ ಹೇಳಿದ್ದಾರೆ. ಹಳೆಯ ಅಭ್ಯಾಸವನ್ನು ಬಿಡುವಾಗಲೂ ಹೊಸದನ್ನು ಹಿಡಿಯುವಾಗಲೂ ಕಾಲುಭಾಗ ಕಾಲುಭಾಗವಾಗಿ, ನಡುವೆ ದಿನಗಳ ಅಂತರ ಕೊಟ್ಟು ಮುಂದುವರಿಯಬೇಕೆಂಬುದು ಅದರ ಸಾರ. ದೇಶಾಂತರದ ಗಾಳಿಯನ್ನು ಸಾತ್ಮ್ಯ ಮಾಡಿಕೊಳ್ಳುವುದಕ್ಕೂ ಇದಕ್ಕಿಂತ ಉತ್ತಮವಾದ ಕ್ರಮ ನಮಗೆ ಕಾಣದು.

ತರಬೇತಿಯ ಕ್ರಮ

ಲಡಾಖ್ ಮ್ಯಾರಥಾನಿನ ಅಂಗವಾದ ಖರ್ದುಂಗ್ ಲಾ ಓಟವು 72 ಕಿಲೋಮೀಟರ್ ದೂರದ್ದು. 5,300 ಮೀಟರ್‌ಗೂ ಮೇಲಿನ ಕಣಿವೆದಾರಿಯನ್ನು ದಾಟಿ ಲೇಹ್‌ಗೆ ಇಳಿಯಬೇಕು. ಇಂತಹ ಸ್ಪರ್ಧೆಗೆ ಹೋಗುವವರೂ ಅವರನ್ನು ಕಳುಹಿಸುವ ತರಬೇತುದಾರರೂ ಈ ಕೆಳಗಿನ ಅಂಶಗಳನ್ನು ಪಾಲಿಸಬೇಕು.

ಹೊರಡುವ ಎರಡು ತಿಂಗಳ ಮೊದಲೇ ರಕ್ತದಲ್ಲಿನ ಹಿಮೋಗ್ಲೋಬಿನ್ ಮತ್ತು ಕಬ್ಬಿಣದ ಸಂಗ್ರಹವನ್ನು ಪರೀಕ್ಷಿಸಿಕೊಳ್ಳಬೇಕು. ಕಬ್ಬಿಣದ ಅಂಶವಿಲ್ಲದೆ ಮಜ್ಜೆಯು ಹೊಸ ರಕ್ತಕಣಗಳನ್ನು ಕಟ್ಟಲಾರದು. ಹೆಣ್ಣುಮಕ್ಕಳಿಗೆ ಈ ಪರೀಕ್ಷೆ ಅತ್ಯಗತ್ಯ.

ಲೇಹ್‌ಗೆ ವಿಮಾನದಲ್ಲಿ ಬಂದಿಳಿದವರು ಮೊದಲ ಎರಡು ದಿನ ಪೂರ್ಣ ವಿಶ್ರಾಂತಿ ಪಡೆಯಬೇಕು. ಮೊದಲ ವಾರ ನಡಿಗೆ ಮತ್ತು ಹಗುರವಾದ ಓಟ ಮಾತ್ರ. ಮಾತನಾಡುತ್ತ ಓಡಲು ಸಾಧ್ಯವಾಗುವಷ್ಟೇ ವೇಗವಿರಲಿ. 3,000 ಮೀಟರ್‌ಗಿಂತ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು; ಮೂರು ನಾಲ್ಕು ದಿನಗಳಿಗೊಮ್ಮೆ ಬಿಡುವು ಬೇಕು.

ಬೆಳಿಗ್ಗೆ ಏಳುವಾಗಿನ ನಾಡಿಬಡಿತವನ್ನು ದಿನವೂ ಬರೆದಿಡಬೇಕು. ಅದು ಏರುತ್ತಲೇ ಹೋದರೆ ಆ ದಿನ ಅಭ್ಯಾಸ ಬೇಡ. ಎತ್ತರದಲ್ಲಿ ಹಸಿವೂ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲವಾದ್ದರಿಂದ ಅನ್ನ, ಗಂಜಿ, ರೊಟ್ಟಿ, ಬೆಲ್ಲ ಮೊದಲಾದ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಸೇವಿಸುವುದು, ಬಿಸಿನೀರನ್ನು ಆಗಾಗ ಗುಟುಕರಿಸುವುದು ಒಳ್ಳೆಯದು. ಮದ್ಯ, ಧೂಮಪಾನ ಮತ್ತು ನಿದ್ರೆಯ ಗುಳಿಗೆಗಳು ವರ್ಜ್ಯ.

ಅಪಾಯದ ಕುರುಹುಗಳು

ತಲೆನೋವು, ಓಕರಿಕೆ, ತಲೆಸುತ್ತು, ಅತೀವ ದಣಿವು ಕಂಡರೆ ಅದು ಎತ್ತರದ ವ್ಯಾಧಿಯ ಆರಂಭ. ಅದು ಶಮನವಾಗುವವರೆಗೆ ಮೇಲೇರಕೂಡದು. ಕುಳಿತಲ್ಲಿಯೇ ಏದುಸಿರು, ಬಿಡದ ಕೆಮ್ಮು, ನೊರೆಗಫ ಇವು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಲಕ್ಷಣ. ಮಾತು ತೊದಲುವುದು, ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ಸೇರಿಸಿ ನಡೆಯಲಾರದೆ ತೂಗಾಡುವುದು ಮಿದುಳಿನ ಬಾವಿನ ಲಕ್ಷಣ. ಈ ಎರಡೂ ಪ್ರಾಣಾಂತಕ. ಆಗ ರಾತ್ರಿಯೆನ್ನದೆ ರೋಗಿಯನ್ನು ಕೆಳಗಿಳಿಸಬೇಕು, ಆಮ್ಲಜನಕ ಕೊಡಿಸಬೇಕು, ಆಸ್ಪತ್ರೆ ಸೇರಿಸಬೇಕು.

ಆಯುರ್ವೇದ ವೈದ್ಯರಾಗಿಯೇ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಈ ಸ್ಥಿತಿಗೆ ಯಾವ ಕಷಾಯವೂ, ಶಿಲಾಜತುವೂ ಬದಲಿಯಲ್ಲ. ಯಾತ್ರಿಕರು ಕರ್ಪೂರವನ್ನು ಮೂಸುವ ರೂಢಿಯಿದೆ. ಅದರಿಂದ ಮೂಗು ತೆರೆದಂತೆ, ತಂಪಾದಂತೆ ತೋರುತ್ತದೆಯೇ ಹೊರತು ರಕ್ತದಲ್ಲಿ ಆಮ್ಲಜನಕ ಹೆಚ್ಚುವುದಿಲ್ಲ. ಆ ಹಾಯೆನ್ನುವ ಅನುಭವವನ್ನು ನಂಬಿ ಮುಂದೆ ನಡೆಯುವುದೇ ಅಪಾಯ. ಮುನ್ನೆಚ್ಚರಿಕೆಯ ಅಸಿಟಜೋಲಮೈಡ್ ಗುಳಿಗೆ ಕೆಲವರಿಗೆ ಉಪಯುಕ್ತ. ಸಲ್ಫಾ ಔಷಧ ಒಗ್ಗದವರಿರುವುದರಿಂದ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಕೇದಾರ ಯಾತ್ರಿಕರಿಗೆ

ಪಂಚಪೀಠಗಳಲ್ಲಿ ಒಂದಾದ ಕೇದಾರಕ್ಕೆ ನಮ್ಮ ನಾಡಿನ ಭಕ್ತರು ಪ್ರತಿವರ್ಷ ಹೋಗುತ್ತಾರೆ. ಸುಮಾರು 1,980 ಮೀಟರ್ ಎತ್ತರದ ಗೌರಿಕುಂಡದಿಂದ 3,583 ಮೀಟರ್ ಎತ್ತರದ ದೇವಾಲಯಕ್ಕೆ ಒಂದೇ ಹಗಲಿನಲ್ಲಿ ಏರುವುದೆಂದರೆ 1,600 ಮೀಟರ್‌ಗಳ ಏರಿಕೆ. ಹೆಲಿಕಾಪ್ಟರಿನಲ್ಲಿ ಹೋಗುವವರಿಗೆ ಕಾಲ್ನಡಿಗೆಯ ಶ್ರಮವಿಲ್ಲ. ಆದರೆ ದೇಹಕ್ಕೆ ಒಗ್ಗಿಕೊಳ್ಳಲು ದೊರೆಯುವುದು ಕೆಲವೇ ನಿಮಿಷ. ಹೃದ್ರೋಗ, ಅಧಿಕ ರಕ್ತದೊತ್ತಡ, ಉಬ್ಬಸ, ರಕ್ತಹೀನತೆ ಇರುವವರು ತಪಾಸಣೆಯಿಲ್ಲದೆ ಹೊರಡಬಾರದು. ಉಳಿದವರು ಎರಡು ಮೂರು ತಿಂಗಳು ಮೊದಲೇ ನಡಿಗೆ ಆರಂಭಿಸಿ, ವಾರಕ್ಕಿಷ್ಟು ಎಂದು ಹೆಚ್ಚಿಸುತ್ತ, ಏರುದಾರಿಯಲ್ಲಿ ಒಂದು ಗಂಟೆ ನಿಲ್ಲದೆ ನಡೆಯುವ ಮಟ್ಟಕ್ಕೆ ಬರಬೇಕು.

ಯಾತ್ರೆಯ ತಂಡ ಕಟ್ಟುವ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ. ಖರ್ಚು ತುಸು ಹೆಚ್ಚಾದರೂ ಕಾರ್ಯಕ್ರಮಕ್ಕೆ ಎರಡು ದಿನ ಸೇರಿಸಿರಿ. ಊಖಿಮಠದಲ್ಲಿ ಒಂದು ರಾತ್ರಿ, ಗೌರಿಕುಂಡದ ಬಳಿ ಒಂದು ರಾತ್ರಿ ತಂಗಿ ಮುಂದೆ ಸಾಗಿರಿ. ತಂಡದಲ್ಲಿ ಒಬ್ಬರಿಗೆ ತಲೆನೋವು, ಉಬ್ಬಸ ಕಂಡರೆ ಅವರನ್ನು ಒಬ್ಬಂಟಿಯಾಗಿ ಬಿಡದೆ ಜೊತೆಗೊಬ್ಬರನ್ನು ಕೊಟ್ಟು ಕೆಳಗೆ ಕಳುಹಿಸಿರಿ. ದರ್ಶನವು ಮುಂದಿನ ವರ್ಷವೂ ಆದೀತು.