ಮಕ್ಕಳಿಗೆ ಟೆನಿಸ್: ಕೋಚ್ ಆಯ್ಕೆಯಲ್ಲಿ ಪಾಲಕರು ಎಡವದಿರಲಿ

ಮುಂಬಯಿ: ಪರೀಕ್ಷೆ ಮುಗಿದು ಎಪ್ರಿಲ್ ಬಂತೆಂದರೆ ನಗರ ಹಾಗೂ ಉಪನಗರಗಳ ಹೌಸಿಂಗ್ ಸೊಸೈಟಿಗಳ ಗೇಟಿನಲ್ಲಿ ಬೇಸಗೆ ಶಿಬಿರಗಳ ಬ್ಯಾನರುಗಳು ತೂಗಾಡುತ್ತವೆ. ಕ್ರಿಕೆಟ್, ಈಜಿನ ಸಾಲಿಗೆ ಈಗ ಟೆನಿಸ್ ಕೂಡಾ ಸೇರಿದೆ. ಒಂದು ಕಾಲದಲ್ಲಿ ಜಿಮ್ಖಾನಾ ಸದಸ್ಯರಿಗಷ್ಟೇ ಎಂಬಂತಿದ್ದ ಈ ಆಟದತ್ತ ತುಳು-ಕನ್ನಡಿಗರ ಮಕ್ಕಳೂ ಒಲವು ತೋರುತ್ತಿದ್ದಾರೆ. 2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ ತಮ್ಮ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದಾಗ ಹೆಮ್ಮೆಪಡದ ಕನ್ನಡಿಗರಿಲ್ಲ. ‘ನಮ್ಮ ಮಗುವೂ ಹೀಗಾಗಬೇಕು’ ಎಂಬ ಆಸೆ ಸಹಜ. ಆದರೆ ರಾಕೆಟ್ ಕೊಳ್ಳಲು ನಾಲ್ಕು ಅಂಗಡಿ ಸುತ್ತುವ ಪಾಲಕರು, ಕೋಚ್ ಯಾರೆಂಬುದನ್ನು ಮಾತ್ರ ಬ್ಯಾನರು ನೋಡಿ ನಿರ್ಧರಿಸಿಬಿಡುವುದುಂಟು.

ಕೋಚ್‌ಗಳಲ್ಲಿ ಬಗೆಬಗೆ

ಮೊದಲನೆಯವರು ಕ್ಲಬ್ಬಿನ ‘ಮಾರ್ಕರ್’ಗಳು. ಚೆಂಡು ಹೆಕ್ಕುವ ಹುಡುಗರಾಗಿ ಬಂದು, ಆಡಿ ಕಲಿತು, ಸದಸ್ಯರೊಂದಿಗೆ ಆಡುವ ಕೆಲಸಕ್ಕೇರಿದವರು ಇವರಲ್ಲಿ ಬಹಳ. ಹೊಟೇಲಿನಲ್ಲಿ ಕಪ್ಪು ಬಸಿ ತೊಳೆದು ಗಲ್ಲೆಗೆ ಬಂದ ನಮ್ಮ ಹಿರಿಯರಂತೆ ಇವರದ್ದೂ ಅನುಭವದ ಪಾಠ. ಚೆಂಡು ಹೊಡೆಯುವ ಅಭ್ಯಾಸಕ್ಕೆ ಇವರು ಉತ್ತಮ.

ಎರಡನೆಯವರು ಗುಂಪಿಗೆ ಕಲಿಸುವ ಕೋಚ್‌ಗಳು. ಆರಂಭದ ಮಕ್ಕಳಿಗೆ ಇದೇ ಸೂಕ್ತ. ಓರಗೆಯವರ ಜತೆ ಕಲಿಯುವ ಮಗುವಿಗೆ ಬೇಗನೆ ಬೇಸರ ಬಾರದು, ಖರ್ಚೂ ಕಡಿಮೆ. ಮೂರನೆಯವರು ಒಬ್ಬರಿಗಷ್ಟೇ ಕಲಿಸುವ ಖಾಸಗಿ ಕೋಚ್‌ಗಳು. ಸರ್ವ್ ಅಥವಾ ಬ್ಯಾಕ್‌ಹ್ಯಾಂಡಿನ ದೋಷ ತಿದ್ದಲು ಇವರು ಬೇಕು. ನಾಲ್ಕನೆಯವರು 12, 14, 16, 18 ವರ್ಷದೊಳಗಿನವರ ಟೂರ್ನಮೆಂಟುಗಳಿಗೆ ಮಕ್ಕಳನ್ನು ತಯಾರು ಮಾಡುವವರು. ಇಲ್ಲಿ ಶುಲ್ಕದ ಜತೆ ಊರೂರಿನ ಪ್ರಯಾಣ, ವಸತಿಯ ಖರ್ಚೂ ಸೇರುತ್ತದೆ. ಎಂಟು ವರ್ಷದ ಮಗುವಿಗೆ ನಾಲ್ಕನೆಯವರನ್ನು ಹುಡುಕುವುದೂ, ಹದಿನಾಲ್ಕರ ಪ್ರತಿಭಾವಂತನನ್ನು ಬೇಸಗೆ ಶಿಬಿರದಲ್ಲೇ ಉಳಿಸುವುದೂ ತಪ್ಪೇ.

ಇನ್ನೊಂದು ಬಗೆ, ಕೋಚ್ ಆಗುವ ತಂದೆ. 1997ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು ಗ್ರ್ಯಾಂಡ್ ಸ್ಲಾಮ್ ಪಡೆದ ಮೊದಲ ಭಾರತೀಯನೆನಿಸಿದ ಮಹೇಶ್ ಭೂಪತಿಗೆ ಆಟ ಕಲಿಸಿದವರು ತಂದೆ ಕೃಷ್ಣ ಭೂಪತಿ. ಆದರೆ ಅವರಿಗೆ ಆಟದ ಜ್ಞಾನವಿತ್ತು. ಕಾಫಿ ಬೆಳೆಗಾರರಾದ ಬೋಪಣ್ಣರ ತಂದೆ ಮಗನನ್ನು ಆಟಕ್ಕೆ ಹಚ್ಚಿದರು. ಮುಂದೆ ರೋಹನ್ ಪುಣೆಯಲ್ಲಿ ನಂದನ್ ಬಾಳ್ ಅವರ ಬಳಿ ತರಬೇತಿ ಪಡೆದರು. ಆಟ ತಿಳಿಯದ ತಂದೆ ಬೇಲಿಯ ಹೊರಗೆ ನಿಂತು ಕೂಗುವುದರಿಂದ ಮಗುವಿಗೆ ಗೊಂದಲವಲ್ಲದೆ ಮತ್ತೇನಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಅಖಿಲ ಭಾರತ ಟೆನಿಸ್ ಸಂಸ್ಥೆ ಅಥವಾ ಅಂತಾರಾಷ್ಟ್ರೀಯ ಟೆನಿಸ್ ಫೆಡರೇಶನಿನ ಕೋಚಿಂಗ್ ಪ್ರಮಾಣಪತ್ರ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು. ಬ್ಯಾನರಿನಲ್ಲಿ ಹೆಸರಿರುವವರೇ ಕಲಿಸುತ್ತಾರೋ, ಸಹಾಯಕರೋ? ಒಂದು ಕೋರ್ಟಿನಲ್ಲಿ ಎಷ್ಟು ಮಕ್ಕಳು? ಗಂಟೆಯಲ್ಲಿ ಹತ್ತು ಚೆಂಡು ಹೊಡೆದು ಉಳಿದ ಹೊತ್ತು ಸಾಲಿನಲ್ಲಿ ನಿಲ್ಲುವ ಮಗು ಕಲಿಯುವುದು ನಿಲ್ಲುವುದನ್ನೇ.

ಚೆಂಡಿನ ಬಣ್ಣವನ್ನೂ ಗಮನಿಸಬೇಕು. ಎಳೆಯರಿಗೆ ಮೊದಲು ಕೆಂಪು, ಬಳಿಕ ಕಿತ್ತಳೆ, ಆಮೇಲೆ ಹಸುರು ಚುಕ್ಕೆಯ ನಿಧಾನ ಚೆಂಡುಗಳಿವೆ. ಕೆಂಪು ಚೆಂಡು ಸಾಮಾನ್ಯ ಚೆಂಡಿಗಿಂತ ಶೇ. 75ರಷ್ಟು ನಿಧಾನ. 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಇಂಥ ಚೆಂಡುಗಳನ್ನೇ ಬಳಸಬೇಕೆಂದು 2012ರಿಂದ ಅಂತಾರಾಷ್ಟ್ರೀಯ ನಿಯಮವಿದೆ. ಆರು ವರ್ಷದ ಮಗುವಿಗೆ ದೊಡ್ಡವರ ಚೆಂಡು ಕೊಟ್ಟರೆ ಅದು ತಲೆಯ ಮೇಲಿಂದ ಪುಟಿಯುತ್ತದೆ. ಹೊಡೆತದ ರೂಢಿಯೂ ಕೆಡುತ್ತದೆ. ಭುಜ, ಮೊಣಕೈ ನೋವೆಂದ ಮಗುವನ್ನು ಕೋಚ್ ವಿಶ್ರಾಂತಿಗೆ ಕಳುಹಿಸುತ್ತಾರೋ, ಇನ್ನೂ ನಾಲ್ಕು ಸರ್ವ್ ಹೊಡೆಸುತ್ತಾರೋ ಎಂಬುದೂ ಮುಖ್ಯ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬಯಿ ಮಳೆ. ತೆರೆದ ಕೋರ್ಟಿನ ತರಗತಿ ರದ್ದಾದರೆ ಬದಲಿ ದಿನ ಉಂಟೇ ಎಂದು ಮೊದಲೇ ತಿಳಿಯದೆ ವರ್ಷದ ಶುಲ್ಕ ಒಟ್ಟಿಗೆ ಕಟ್ಟುವುದು ಜಾಣತನವಲ್ಲ. ಪಾಲಕರು ಕುಳಿತು ನೋಡುವುದಕ್ಕೆ ಅಡ್ಡಿ ಹೇಳುವ ತಾಣದಿಂದ ದೂರವಿರುವುದು, ವಿಶೇಷವಾಗಿ ಹೆಣ್ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ, ಲೇಸು.

ಸತ್ಯ ಹೇಳುವವರು ಬೇಕು

ದೊಡ್ಡ ಪ್ರಶ್ನೆ ಏಳುವುದು ಮಗು ಒಂಬತ್ತು, ಹತ್ತನೇ ತರಗತಿಗೆ ಬಂದಾಗ. ಎರಡು ಟೂರ್ನಮೆಂಟ್ ಗೆದ್ದ ಕೂಡಲೇ ‘ಶಾಲೆ ಬಿಡಿಸಿ, ಪೂರ್ಣ ಹೊತ್ತು ಆಡಿಸಿ’ ಎನ್ನುವ ಕೋಚ್ ಮಾತಿಗೆ ಮರುಳಾಗಿ ಸಾಲ ಮಾಡುವ ಮುನ್ನ ಇನ್ನೊಬ್ಬ ಅನುಭವಿಯ ಅಭಿಪ್ರಾಯ ಪಡೆಯಬೇಕು. ಟೆನಿಸಿನಲ್ಲಿ ಹೆಸರು ಮಾಡುವವರು ಬೆರಳೆಣಿಕೆಯವರು. ‘ನಿಮ್ಮ ಮಗು ಚೆನ್ನಾಗಿ ಆಡುತ್ತದೆ, ಆದರೆ ಓದು ಬಿಡಿಸಬೇಡಿ’ ಎಂದು ತನ್ನ ಶುಲ್ಕ ಕಡಿಮೆಯಾದರೂ ಹೇಳಬಲ್ಲ ಕೋಚ್ ಸಿಕ್ಕಿದರೆ ಅದು ಆ ಮನೆಯವರ ಭಾಗ್ಯ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಒಂದು ತಿಂಗಳು ಕಳುಹಿಸಿ ನೋಡಿದ ಮೇಲೆ, ಬೆಳಗ್ಗೆ ಎಬ್ಬಿಸುವ ಮುನ್ನವೇ ಮಗು ಎದ್ದು ಬೂಟು ಹುಡುಕುತ್ತಿದ್ದರೆ ಪಾಲಕರ ಆಯ್ಕೆ ಸರಿಯಾಗಿದೆ ಎಂದೇ ತಿಳಿಯಬಹುದು.